ಕಾಲು ತೊಳೆಯುವ ಬಾಗಿಲು

೨೦೨೪ನೆಯ ಇಸವಿ. ನನಗಾಗ ಐವತ್ತನಾಲ್ಕು ವರ್ಷ. ಆ ವರ್ಷದ ಮಳೆಗಾಲದಲ್ಲಿ ನಾನು ಮಾಡಿದ ಕೆಲಸ ಒಂದೇ. ವಿಡಿಯೋ ಗೇಮ್ ಒಂದರ ಎರಡನೆಯ ಭಾಗವನ್ನು ಕುರಿತು ವಿಮರ್ಶೆ ಬರೆಯುವುದು. ಬೈಲಹೊಂಗಲದಲ್ಲಿ ನನ್ನನ್ನು ಬಲ್ಲವರು ಈ ಮಾತು ಕೇಳಿದರೆ ನಗುತ್ತಾರೆ. ವಿಭಕ್ತಿ ತಪ್ಪಿದ ಮದುವೆ ಪತ್ರಿಕೆಯನ್ನು ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿಸಿದವನೆಂದು ನನ್ನ ಹೆಸರು. ಅಂಥವನು ಬಂದೂಕಿನ ಆಟಕ್ಕೆ ವಿಮರ್ಶೆ ಬರೆದನೆಂದರೆ ನಗುವುದು ಸಹಜವೇ.

ಕಳೆದ ವಾರ ಕಿತ್ತೂರಿಗೆ ಹೋಗಿದ್ದೆ. ನನ್ನ ತಂಗಿಯ ಮಗ ಬಸವರಾಜ ಅಲ್ಲಿ ಬಾಡಿಗೆಗೆ ಹಿಡಿದಿದ್ದ ಮಾಳಿಗೆಯ ಕೋಣೆಯನ್ನು ಖಾಲಿ ಮಾಡುತ್ತಿದ್ದ. ಹೊರಗಿನ ಸದ್ದು ಒಳಗೆ ಬಾರದಿರಲೆಂದು ಗೋಡೆಗೆ ಮೊಳೆ ಬಡಿದು ತೂಗುಹಾಕಿದ್ದ ಕೌದಿಗಳನ್ನು ಒಂದೊಂದಾಗಿ ಇಳಿಸಿ ನನ್ನ ಕೈಗೆ ಕೊಟ್ಟ. ಅವುಗಳಲ್ಲಿ ಒಂದು ನನ್ನ ಹೆಂಡತಿ ಗಿರಿಜೆ ತನ್ನ ಹಳೆಯ ಸೀರೆಗಳನ್ನು ಪದರ ಪದರವಾಗಿ ಕೂಡಿಸಿ ಹೊಲಿದದ್ದು. ಮಳೆಯ ತೇವವನ್ನು ಹೀರಿ, ಪೂರ್ತಿ ಒಣಗದೆ ಉಳಿದ ಅರಿವೆಯ ವಾಸನೆ ಅದಕ್ಕಿತ್ತು. ಅದನ್ನು ಮಡಚಿ ಹಿಡಿದುಕೊಂಡು ಮೆಟ್ಟಿಲು ಇಳಿಯುವಾಗ ಆ ಮಳೆಗಾಲ ಇಡಿಯಾಗಿ ನೆನಪಾಯಿತು. ದುಃಖವಾಯಿತೆಂದು ಹೇಳಲಾರೆ. ನೆನಪಾಯಿತು, ಅಷ್ಟೆ.

ಮೊದಲ ಭಾಗದಿಂದಲೇ ಹೇಳಬೇಕು. ಬಸವರಾಜ ಕಿತ್ತೂರಿನ ಹತ್ತಿರ, ಎಂ.ಕೆ. ಹುಬ್ಬಳ್ಳಿ ಎಂಬ ಊರಿನ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿಗಳ ತೂಕವನ್ನು ಕಂಪ್ಯೂಟರಿಗೆ ಏರಿಸುವ ನೌಕರ. ಕಬ್ಬು ನುರಿಸುವ ಹಂಗಾಮಿನಲ್ಲಿ ಅವನಿಗೆ ಉಣ್ಣಲು ಪುರಸೊತ್ತಿರುವುದಿಲ್ಲ. ಹಂಗಾಮು ಮುಗಿದ ಮೇಲೆ ಮಾಡಲು ಹೆಚ್ಚು ಕೆಲಸವಿರುವುದಿಲ್ಲ. ಆ ಬಿಡುವಿನ ತಿಂಗಳುಗಳಲ್ಲಿ ಅವನೂ ರಾಮದುರ್ಗದ ರಫೀಕನೂ ಸೇರಿ ಆಟ ಕಟ್ಟುತ್ತಿದ್ದರು. ರಫೀಕ ನಾನು ರಾಮದುರ್ಗದ ಪ್ರೌಢಶಾಲೆಯಲ್ಲಿದ್ದಾಗ ನನ್ನ ವಿದ್ಯಾರ್ಥಿ. ಅಂಗಡಿಯ ಫಲಕಗಳನ್ನೂ ಕಬ್ಬಿನ ಟ್ರೇಲರುಗಳ ಬೆನ್ನಿನ ಮೇಲಿನ ಹೆಸರುಗಳನ್ನೂ ಬರೆಯುವುದು ಅವನ ವೃತ್ತಿ. ಆಟದ ಚಿತ್ರಗಳೆಲ್ಲ ಅವನವು, ಉಳಿದದ್ದೆಲ್ಲ ಬಸವರಾಜನದು.

ಆಟದ ಹೆಸರು 'ಒಣನಕ್ಷತ್ರ'. ಆಡುವವನು ಪಾತ್ರವನ್ನು ಹೊರಗಿನಿಂದ ನೋಡುವುದಿಲ್ಲ. ಪಾತ್ರದ ಕಣ್ಣಿನಿಂದಲೇ ಎಲ್ಲವನ್ನೂ ಕಾಣುತ್ತ, ಎದುರಾದವರಿಗೆ ಗುಂಡು ಹಾರಿಸುತ್ತ ಮುಂದೆ ಸಾಗುತ್ತಾನೆ. ಇದನ್ನು 'ಉತ್ತಮ ಪುರುಷದ ಆಟ' ಎಂದು ಕರೆಯಬೇಕೆಂದು ನಾನು ಸೂಚಿಸಿದ್ದೆ. ಇಬ್ಬರೂ ಗೌರವದಿಂದ ತಲೆಯಾಡಿಸಿ, ಹಾಗೆ ಕರೆಯಲಿಲ್ಲ. ಕಥೆ ಮುಂದಿನ ಯಾವುದೋ ಶತಮಾನದ್ದು. ಕೆಂಪು ಧೂಳಿನ ಒಂದು ಗ್ರಹ. ಅಲ್ಲಿ ಬತ್ತಿಹೋದ ಒಂದು ಜಲಾಶಯ. ರಫೀಕ ಬಿಡಿಸಿದ ಆ ಅಣೆಕಟ್ಟನ್ನು ನೋಡಿದ ಕೂಡಲೇ ನಮ್ಮ ಕಡೆಯವರು ನವಿಲುತೀರ್ಥವೆಂದು ಗುರುತಿಸುತ್ತಾರೆ. ಶತ್ರುಗಳು ಲೋಹದ ಮಿಡತೆಗಳು. ನಾಯಕನ ಆಯುಧ ಹತ್ತಿಯ ಹೊಲಕ್ಕೆ ಔಷಧ ಹೊಡೆಯುವ ಪಂಪಿನ ಹಾಗೆ ಬೆನ್ನಿಗೆ ಕಟ್ಟಿಕೊಳ್ಳುವಂಥದು. ಪ್ರತಿ ಘಟ್ಟದ ಕೊನೆಗೆ ನಾಯಕ ತನ್ನ ಆಕಾಶನೌಕೆಗೆ ಹಿಂದಿರುಗಬೇಕು. ನೌಕೆಯ ಬಾಗಿಲಿನಲ್ಲಿ ನಿಂತಾಗ ನೌಕೆಯೇ ಅವನೊಡನೆ ಮಾತನಾಡುತ್ತದೆ.

ಆ ಮಾತಿಗೆ ಧ್ವನಿ ಕೊಡಲು ಧಾರವಾಡದಿಂದ ಒಬ್ಬ ಹೆಣ್ಣುಮಗಳನ್ನು ಕರೆಸಿದ್ದರು. ಆಕೆ ಶುದ್ಧವಾಗಿಯೇ ಓದಿದಳು. ಆದರೆ ಕೇಳಿದವರಿಗೆ ರೈಲು ನಿಲ್ದಾಣದಲ್ಲಿ ನಿಂತಂತೆ ಆಗುತ್ತಿತ್ತು. ಒಂದು ದಿನ ಇಬ್ಬರೂ ಮಳೆಯಲ್ಲಿ ನಮ್ಮ ಮನೆಗೆ ಬಂದರು. ನಮ್ಮೂರಿನ ಎರೆಮಣ್ಣು ಮಳೆಗೆ ನೆನೆದರೆ ಚಪ್ಪಲಿಗೆ ಇನ್ನೊಂದು ಅಟ್ಟೆಯಾಗಿ ಅಂಟಿಕೊಳ್ಳುತ್ತದೆ. ಅದೇ ಕಾಲಿನಲ್ಲಿ ಹೊಸ್ತಿಲು ದಾಟಲು ಹೊರಟವರನ್ನು ಗಿರಿಜೆ ಅಡುಗೆಮನೆಯಿಂದಲೇ ತಡೆದಳು.

"ಏ ಬಸು! ಕಾಲ ತೊಳಕೊಂಡ ಒಳಗ ಬರ್ರಿ! ಅರ್ಧಾ ಹೊಲಾ ಹೊತಗೊಂಡ ಬಂದೀರಿ!"

ರಫೀಕ ಒಂದು ಕಾಲು ಎತ್ತಿದಲ್ಲೇ ನಿಂತುಬಿಟ್ಟ. "ಬಸು, ನಮ್ಮ ನೌಕಾ ಮಾತಾಡಿತು ನೋಡಲೇ" ಎಂದ.

ಹೀಗೆ ಗಿರಿಜೆ ಆಕಾಶನೌಕೆಯಾದಳು. ಬಾಗಿಲಿನೊಳಗೆ ಒಂದು ಸಣ್ಣ ಕೋಣೆ. ಅಲ್ಲಿ ಗುಂಡಿ ಒತ್ತಿ ನೀರು ಬಿಟ್ಟುಕೊಂಡು ಕಾಲು ತೊಳೆಯಬೇಕು. ತೊಳೆಯದೆ ಒಳಗೆ ಹೋದರೆ ಕೆಂಪು ಧೂಳು ಇಂಜಿನಿಗೆ ಸೇರಿ ನೌಕೆ ಕೆಟ್ಟು ನಿಲ್ಲುತ್ತದೆ, ಆಟ ಮುಗಿಯುತ್ತದೆ. "ಕಾಲ ತೊಳಕೊಂಡ ಒಳಗ ಬರ್ರಿ" ಎಂಬುದು ಆಡುವ ಹುಡುಗರ ನಡುವೆ ಮೈಸೂರು ಮಂಗಳೂರಿನವರೆಗೆ ಹಬ್ಬಿತು. ನಾನು ಆ ವೇಳೆಗೆ ಗಂಟಲಿನ ತೊಂದರೆಯಿಂದ ಶಾಲೆಯನ್ನು ಬಿಟ್ಟಿದ್ದೆ. ಒಂದು ಸ್ಥಳೀಯ ಪತ್ರಿಕೆಯಲ್ಲಿ ಭಾಷೆಯ ಬಗ್ಗೆ ರವಿವಾರದ ಅಂಕಣ ಬರೆಯುತ್ತಿದ್ದೆ. ಸಂಪಾದಕರು ಹೊಸತನಕ್ಕೆಂದು ಈ ಆಟದ ವಿಮರ್ಶೆಯನ್ನೂ ನನ್ನಿಂದಲೇ ಬರೆಸಿದರು. ಚಿತ್ರ, ಗತಿ, ಭಾಷೆ, ಧ್ವನಿ ಎಂದು ತಲೆಬರಹ ಹಾಕಿ, ಕೊನೆಗೆ ನೂರಕ್ಕೆ ಅರವತ್ತೆಂಟು ಅಂಕ ಕೊಟ್ಟೆ. 'ಧ್ವನಿ'ಯ ಕೆಳಗೆ ಹೀಗೆ ಬರೆದಿದ್ದೆ: "ಯಂತ್ರವು ಗೃಹಿಣಿಯಂತೆ ಗದರುವುದು ಸಂದರ್ಭೋಚಿತವಲ್ಲ. ಆದರೂ ಉಚ್ಚಾರ ಸ್ಪಷ್ಟ, ಕೇಳಲು ಹಿತ."

ಗಿರಿಜೆ ಅದನ್ನು ಓದಿ ಪತ್ರಿಕೆ ಮಡಚಿದಳು. "ಕೇಳಲು ಹಿತ! ಮದಿವ್ಯಾದಾಗಿಂದ ಇದ ಒಂದ ಹೊಗಳಿಕಿ. ಅದೂ ಪೇಪರದಾಗ ಓದಿ ತಿಳೀಬೇಕಾತು" ಎಂದಳು. ಆಮೇಲೆ ಅಡುಗೆಮನೆಯಿಂದ, "ಅರವತ್ತೆಂಟರಾಗ ನನ್ನೂವು ಎಷ್ಟ್ರೀ?" ಎಂದು ಕೇಳಿದಳು. ಅಂಕಗಳನ್ನು ಹಾಗೆ ಬಿಡಿಸಿ ಹೇಳಲು ಬರುವುದಿಲ್ಲವೆಂದು ನಾನು ವಿವರಿಸಿದೆ.

ಎರಡನೆಯ ಭಾಗದ ಕೆಲಸ ಅರ್ಧಕ್ಕೆ ಬಂದಿದ್ದಾಗ, ೨೦೨೪ರ ಸಂಕ್ರಮಣ ಕಳೆದ ಮೇಲೆ, ಗಿರಿಜೆ ತೀರಿಕೊಂಡಳು. ಜ್ವರವೆಂದು ಮಲಗಿದವಳು ಏಳಲಿಲ್ಲ. ಮಣ್ಣು ಕೊಟ್ಟು ಬಂದವರಿಗೆಲ್ಲ ಮನೆಯ ಮುಂದೆ ಕಾಲಿಗೆ ನೀರು ಕೊಟ್ಟರು. ನನಗೆ ಕೊಟ್ಟವರು ಯಾರೆಂಬುದು ನೆನಪಿಲ್ಲ. ಸವದತ್ತಿಯಿಂದ ಬಂದು ಉಳಿದಿದ್ದ ನನ್ನ ತಂಗಿ, "ಅಣ್ಣಾ, ಒಮ್ಮೆ ಅತ್ತಬಿಡು, ಹಗರ ಆಕ್ಕೈತಿ" ಎಂದಳು. ನಾನು ಪ್ರಯತ್ನಿಸಿದೆ. ಆಗಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದಾಗ ದವಡೆ ತನ್ನದಲ್ಲವೆನಿಸುವುದುಂಟಲ್ಲ, ಹಾಗೆ ಇದ್ದೆ. ಉಂಡೆ, ಮಲಗಿದೆ, ಅಂಕಣ ಬರೆದೆ. ಅಂಕಣದಲ್ಲಿ ಒಂದು ತಪ್ಪೂ ಇರಲಿಲ್ಲ.

ನಮ್ಮ ಮನೆಯ ಕಟ್ಟೆಯ ಪಕ್ಕದಲ್ಲಿ ನೀರಿನ ಹರವಿ, ಅದರ ಬಾಯಿಯ ಮೇಲೆ ಒಂದು ತಂಬಿಗೆ ಇರುತ್ತದೆ. ಹರವಿಯನ್ನು ಬೆಳಿಗ್ಗೆ ತುಂಬುವ ಕೆಲಸ ಮೊದಲಿನಿಂದಲೂ ನನ್ನದು. ಸಂಜೆ ಒಳಗಿನಿಂದ ಕೂಗಿ ಹೇಳುವುದು ಅವಳದು. ಅವಳು ಹೋದ ಮೇಲೆ ಒಂದು ಅಭ್ಯಾಸ ನನಗೆ ಅಂಟಿತು. ಪೇಟೆಯಿಂದ ಬಂದು ಕಟ್ಟೆಯ ಹತ್ತಿರ ನಿಂತುಬಿಡುತ್ತಿದ್ದೆ. ಎಷ್ಟು ಹೊತ್ತು ನಿಲ್ಲುತ್ತಿದ್ದೆನೋ, ಎದುರು ಮನೆಯ ಶಾಂತವ್ವ ಒಂದು ದಿನ ಕೇಳಿಯೇಬಿಟ್ಟರು.

"ಯಾಕ್ರೀ ಸರ, ಕೀಲಿ ಕಳಕೊಂಡೀರೇನು?"

"ಇಲ್ಲೇ ಐತ್ರಿ" ಎಂದು ಕಿಸೆ ತಡವಿ ಒಳಗೆ ಹೋದೆ.

ಆ ವರ್ಷ ಮಳೆ ಚೆನ್ನಾಗಿಯೇ ಆಯಿತು. ಸೋಯಾ ಸೊಂಟದವರೆಗೆ ಬೆಳೆದು ನಿಂತಿತ್ತು. ಎರಡನೆಯ ಭಾಗದ ಕಥೆಯಲ್ಲಿ ಗ್ರಹಕ್ಕೆ ನೀರು ಮರಳಿ ಬರುತ್ತದೆ. ಆದ್ದರಿಂದ ನಿಜವಾದ ನೀರಿನ ಸದ್ದು ಬೇಕೆಂದು ಹುಡುಗರು ನವಿಲುತೀರ್ಥಕ್ಕೆ ಹೊರಟರು. ವಿಮರ್ಶಕ ಬರಬೇಕೆಂದು ನನ್ನನ್ನೂ ಎಬ್ಬಿಸಿಕೊಂಡು ಹೋದರು. ಗೇಟು ತೆರೆದಿದ್ದರು. ಮಲಪ್ರಭೆ ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಚಹಾದ ಬಣ್ಣಕ್ಕೆ ತಿರುಗಿ ನುಗ್ಗುತ್ತಿತ್ತು. ರಫೀಕ ಮೈಕಿಗೆ ತನ್ನ ಟೋಪಿಯನ್ನು ಹೊದಿಸಿ ಹಿಡಿದು ನಿಂತ. ನೀರಿನ ತುಂತುರು ಅವನ ಗಡ್ಡದಲ್ಲಿ ಕೂತಿತ್ತು. ಸುತ್ತ ಜನ ಸುಟ್ಟ ಗೋವಿನಜೋಳದ ತೆನೆ ತಿನ್ನುತ್ತ ಫೋಟೋ ತೆಗೆದುಕೊಳ್ಳುತ್ತಿದ್ದರು. ಬಸವರಾಜ ನನಗೂ ಒಂದು ತೆನೆ ತಂದುಕೊಟ್ಟು, ನೀರಿನ ಕಡೆಗೆ ಮುಖ ಮಾಡಿ ನಿಂತು ಹೇಳಿದ.

"ಮಾಮಾ, ಒಂದ ಮಾತೈತಿ. ಅತ್ತಿ ಎರಡನೇ ಭಾಗಕ್ಕ ಮೊದಲ ರೆಕಾರ್ಡ್ ಮಾಡಿ ಕೊಟ್ಟಾರ. ಹೋದ ದೀಪಾವಳಿಗಿ. ಕೌದಿ ಕಟ್ಟಿದ ಕ್ವಾಣ್ಯಾಗ ಕುಂತು."

"ಗೊತ್ತೈತಿ. ಹೋಗಿ ಬಂದು ಸೆಕಿ ಸೆಕಿ ಅಂದಿದ್ಲು."

"ಅದನ್ನ ಹಾಕಬೇಕೋ ಬ್ಯಾಡೋ ತಿಳೀವಲ್ದು. ರಫೀಕ ಹಾಕೂಣು ಅಂತಾನ. ನನಗ ಮನಸಿಲ್ಲ."

ರಫೀಕ ಮೈಕು ಇಳಿಸಿ ಹತ್ತಿರ ಬಂದ. "ಸರ, ಆ ಧ್ವನಿ ಕೇಳಾಕಂತ ಜನ ಕಾಯಾಕತ್ತಾರ. ಅಕ್ಕಾರು ಖುಷೀಲೆ ಹೇಳಿ ಹೋಗ್ಯಾರ. ಹೇಳಿದ್ದನ್ನ ಮುಚ್ಚಿ ಇಡೂದು ಯಾವ ನ್ಯಾಯರೀ?"

"ಸತ್ತ ಮ್ಯಾಲೂ ಅತ್ತೀನ್ನ ದುಡಿಸಿದಂಗ ಆಕ್ಕೈತಿ" ಎಂದ ಬಸವರಾಜ. "ನೀವ ಹೇಳ್ರಿ ಮಾಮಾ. ನೀವು ಹೆಂಗಂತೀರಿ ಹಂಗ. ಹಂಗಾಮ ಸುರು ಆಗೂದ್ರಾಗ ಹೇಳ್ರಿ. ದೀಪಾವಳಿ ಹಿಂದಿನ ರವಿವಾರ ಬಿಡುಗಡೆ ಅಂತ ಹೇಳಿಬಿಟ್ಟೇವಿ."

ನನ್ನ ಹೆಂಡತಿಯ ಧ್ವನಿ ಆಟದಲ್ಲಿ ಇರಬೇಕೇ, ಇರಬಾರದೇ ಎಂಬ ಈ ಒಂದು ಪ್ರಶ್ನೆ ಆ ಕ್ಷಣದಿಂದ ನನ್ನ ತಲೆಯ ಮೇಲೆ ಕೂತಿತು. ಇಬ್ಬರ ವಾದದಲ್ಲೂ ದೋಷವಿರಲಿಲ್ಲ. ಎರಡು ಬಗೆಯಾಗಿಯೂ ಸಿದ್ಧಮಾಡಿ ತೋರಿಸಿರಿ, ಆಡಿ ನೋಡಿ ಹೇಳುತ್ತೇನೆ ಎಂದೆ. ವಿಮರ್ಶಕನಾದವನು ಹೇಳಬಹುದಾದದ್ದು ಅಷ್ಟೇ.

ಸೆಪ್ಟೆಂಬರಿನಲ್ಲಿ ಕಿತ್ತೂರಿನ ಕೋಣೆಯಲ್ಲಿ ಕುಳಿತೆ. ನಾನು ಆಡುವ ಕ್ರಮ ಬೇರೆ. ಯಾವ ಕೋಣೆಯನ್ನು ಹೊಕ್ಕರೂ ಬಲಗಡೆಯ ಗೋಡೆ ಹಿಡಿದು ಪೂರ್ತಿ ಒಂದು ಸುತ್ತು ಬಂದು, ಗೋಡೆಯ ಮೇಲಿನ ಬರಹವನ್ನೆಲ್ಲ ಓದಿಯೇ ಮುಂದಿನದಕ್ಕೆ ಹೋಗುತ್ತೇನೆ. ಮಿಡತೆಗಳಿಗೆ ಅಷ್ಟು ತಾಳ್ಮೆ ಇರುವುದಿಲ್ಲ.

"ಸರ, ಹಿಂದ ಐತಿ! ಹೊಡೀರಿ, ಹೊಡೀರಿ!" ಎಂದು ರಫೀಕ ಕುಳಿತಲ್ಲೇ ಕುಣಿಯುತ್ತಿದ್ದ. "ಅದು ಮಿಡತಿರೀ ಸರ, ಹಾಜರಿ ಕೂಗಿದ್ರ 'ಎಸ್ ಸರ್' ಅನ್ನಂಗಿಲ್ಲ!"

"ಇಲ್ಲಿ 'ನಿಷೇಧ' ಅನ್ನೋದನ್ನ ತಪ್ಪ ಬರದಿ."

"ಅಯ್ಯ, ತಲಿ ತಿನ್ನಾಕತ್ತೈತಿ ನಿಮ್ದು, ನಿಷೇಧ ಆಮ್ಯಾಲ ತಿದ್ದೂಣ್ರೀ!"

ಮೊದಲು ಧ್ವನಿ ಇದ್ದ ಆಟ. ಮೊದಲ ಘಟ್ಟ ಮುಗಿಸಿ, ತುಂಬಿದ ಜಲಾಶಯದ ದಂಡೆಯ ಮೇಲಿನಿಂದ ನೌಕೆಯ ಬಾಗಿಲಿಗೆ ಬಂದೆ. ಬಸವರಾಜ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಗಿರಿಜೆ ಮಾತನಾಡಿದಳು.

"ಕಾಲ ತೊಳಕೊಂಡ ಒಳಗ ಬರ್ರಿ. ಈಗ ನೀರ ಬಾಳ ಐತಿ, ಉಳಸಬ್ಯಾಡ್ರಿ."

ಗುಂಡಿ ಒತ್ತಿದೆ. ನೀರು ಬಂತು. ಬಾಗಿಲು ತೆರೆಯಿತು. ಒಳಗೆ ಹೋದೆ. ರಫೀಕ ಕೈಯಲ್ಲಿದ್ದ ಬಣ್ಣದ ಅರಿವೆಯಿಂದಲೇ ಕಣ್ಣೊರೆಸಿಕೊಂಡಿದ್ದ; ರೆಪ್ಪೆಯ ಮೇಲೆ ನೀಲಿ ಹತ್ತಿತ್ತು. ನಾನು ಗಮನಿಸಿದ್ದು, ಎರಡನೆಯ ವಾಕ್ಯದಲ್ಲಿ ಮೈಕು ಬಾಯಿಗೆ ತುಸು ಹೆಚ್ಚು ಹತ್ತಿರವಾಗಿತ್ತೆಂಬುದನ್ನು. ಅದನ್ನು ಹೇಳಿದೆ. ನಾಲ್ಕು ಘಟ್ಟ ಆಡಿದೆ. ನಾಲ್ಕು ಸಲವೂ ಅವಳು ಹೇಳಿದಳು, ನಾನು ತೊಳೆದು ಒಳಗೆ ಹೋದೆ. ಒಳ್ಳೆಯ ಧ್ವನಿಮುದ್ರಣ. ನನಗೇನೂ ಆಗಲಿಲ್ಲ. ಚಹಾ ತರಿಸಲು ಹೇಳಿದೆ.

ಚಹಾ ಕುಡಿದ ಮೇಲೆ ಧ್ವನಿ ಇಲ್ಲದ ಆಟ. ಇದರಲ್ಲಿ ಬಸವರಾಜ ನನ್ನ ಮೇಲಿನ ಕಾಳಜಿಯಿಂದ ಕಾಲು ತೊಳೆಯುವುದನ್ನೇ ತೆಗೆದುಹಾಕಿದ್ದ. ಹತ್ತಿರ ಹೋದರೆ ಬಾಗಿಲು ತಾನಾಗಿ ತೆರೆಯುತ್ತದೆ, ಒಳಗೆ ನಡೆದರೆ ಆಯಿತು. ಅದನ್ನು ಅವನು ಮೊದಲೇ ಹೇಳಿದ್ದ. ದಂಡೆಯ ಮೇಲಿನಿಂದ ಬಂದೆ. ಬಾಗಿಲು ತೆರೆಯಿತು. ನಾನು ನಿಂತೆ.

ಪರದೆಯ ಮೂಲೆಯಲ್ಲಿ ಆಮ್ಲಜನಕದ ಪಟ್ಟಿ ಕಿರಿದಾಗುತ್ತ ಬಂತು.

"ಮಾಮಾ, ಬಾಗಲಾ ತೆರದೈತಿ. ನಡೀರಿ."

ಕೇಳಿಸಿತು. ಬೆರಳು ಗುಂಡಿಯ ಮೇಲೆಯೇ ಇತ್ತು. ಪಟ್ಟಿ ಮುಗಿದು ಪರದೆ ಕಪ್ಪಾಯಿತು. ರಫೀಕ ನಕ್ಕ. "ಮನಿ ಬಾಗಲದಾಗ ಸತ್ರಲ್ರೀ ಸರ! ಮಿಡತಿ ಕೈಯಾಗ ಉಳದವ್ರು!"

ಮತ್ತೆ ಆಡಿದೆ. ಅದೇ ಬಾಗಿಲಿಗೆ ಬಂದೆ, ನಿಂತೆ, ಪರದೆ ಕಪ್ಪಾಯಿತು. ಬೇಕೆಂದು ನಿಂತದ್ದಲ್ಲ. ಇದು ತೆರೆದ ಬಾಗಿಲು, ಇಲ್ಲಿ ತೊಳೆಯುವುದೇನೂ ಇಲ್ಲ ಎಂದು ಬುದ್ಧಿ ಹೇಳುತ್ತಿತ್ತು. ಆದರೆ ಕೈ ಮೌನದ ಕೊನೆಗೆ ಏನೋ ಬರಬೇಕೆಂದು ಕಾಯುತ್ತಿತ್ತು. ಮೂರನೆಯ ಸಲ ಹಾಗೆಯೇ ಆದಾಗ ರಫೀಕ ನಗಲಿಲ್ಲ. ಬಸವರಾಜ ಬಂದು ಕಂಪ್ಯೂಟರು ಆರಿಸಿ, "ಇವತ್ತಿಗೆ ಸಾಕ್ರಿ" ಎಂದ. ಇಬ್ಬರೂ ಬಂದು ನನ್ನನ್ನು ಬೈಲಹೊಂಗಲದ ಬಸ್ಸು ಹತ್ತಿಸಿದರು.

ಮುಂದಿನ ವಾರಗಳಲ್ಲಿ ವಿಮರ್ಶೆಗೆ ಕುಳಿತೆ. ಚಿತ್ರ, ಗತಿ, ಭಾಷೆ ಮುಗಿದವು. 'ಧ್ವನಿ' ಎಂದು ಬರೆದು ಅದರ ಕೆಳಗೆ ಒಂದು ವಾಕ್ಯವನ್ನೂ ಕೂಡಿಸಲಾರದೆ ಹೋದೆ. ಸಂಪಾದಕರು ಫೋನು ಮಾಡಿದರು. ಬಸವರಾಜ ಮಾಡಲಿಲ್ಲ, ಅದು ಇನ್ನೂ ಭಾರವಾಯಿತು. ದಸರೆ ಮುಗಿಯಿತು. ಕಾರ್ಖಾನೆಯ ಚಿಮಣಿಯನ್ನು ಪರೀಕ್ಷಿಸುತ್ತಿದ್ದಾರೆಂದೂ, ಟ್ರೇಲರುಗಳು ಹೆಸರು ಬರೆಸಿಕೊಳ್ಳಲು ರಫೀಕನ ಮುಂದೆ ಸಾಲುಗಟ್ಟಿವೆಯೆಂದೂ ಸುದ್ದಿ ಬಂತು. ಈ ಸಲ ತಪ್ಪಿದರೆ ಆಟ ಮುಂದಿನ ಬೇಸಿಗೆಯವರೆಗೆ ಮೂಲೆ ಸೇರುವುದು ಖಂಡಿತ. ಆ ವೇಳೆಗೆ ಇಬ್ಬರಲ್ಲಿ ಒಬ್ಬರ ಮನಸ್ಸಾದರೂ ಮುರಿದಿರುತ್ತಿತ್ತು.

ಅಕ್ಟೋಬರಿನ ಒಂದು ಮಧ್ಯಾಹ್ನ ಹಿಂಗಾರಿ ಮಳೆ ಹೊಡೆದು ನಿಂತಿತ್ತು. ನಾನು ಒಳಗೆ ಕುರ್ಚಿಯಲ್ಲಿ ಕುಳಿತಿದ್ದೆ, ಬಾಗಿಲು ತೆರೆದಿತ್ತು. ಮೋಟಾರ್ ಸೈಕಲ್ ನಿಂತ ಸದ್ದಾಯಿತು. ಬಸವರಾಜ ಮತ್ತು ರಫೀಕ ಉತ್ತರ ಕೇಳಲು ಬಂದಿದ್ದರು. ಒಳಗಿನ ಕತ್ತಲೆಯಲ್ಲಿದ್ದ ನಾನು ಅವರಿಗೆ ಕಾಣಿಸುತ್ತಿರಲಿಲ್ಲ. ತಮ್ಮ ತಮ್ಮಲ್ಲೇ ಜಗಳವಾಡುತ್ತ ಕಟ್ಟೆಯವರೆಗೆ ಬಂದರು.

"ನೀನ ಕೇಳಲೇ, ನಿಮ್ಮ ಮಾಮಾ."

"ನಿಮ್ಮ ಮಾಸ್ತರ. ನೀ ಕೇಳು."

ಹೀಗೆನ್ನುತ್ತಲೇ ರಫೀಕ ಹರವಿಯ ಮೇಲಿನ ತಂಬಿಗೆಯನ್ನು ತೆಗೆದು, ನೀರು ತುಂಬಿ, ಬಸವರಾಜನ ಕಾಲಿಗೆ ಹಾಕಿದ. ಬಸವರಾಜ ಒಂದು ಕಾಲಿನಿಂದ ಇನ್ನೊಂದು ಕಾಲನ್ನು ತಿಕ್ಕಿ ಎರೆಮಣ್ಣು ಬಿಡಿಸಿಕೊಂಡು, ತಂಬಿಗೆ ಇಸಿದುಕೊಂಡು ರಫೀಕನ ಕಾಲಿಗೆ ಹಾಕಿದ. ಜಗಳ ನಿಂತಿರಲಿಲ್ಲ. ತಂಬಿಗೆಯನ್ನು ಹರವಿಯ ಮೇಲೆ ಬೋರಲು ಹಾಕಿ ಒಳಗೆ ಬಂದರು. ನನ್ನನ್ನು ಕಂಡು ಸುಮ್ಮನಾದರು.

"ಕಾಲು ತೊಳೀರಿ ಅಂತ ಯಾರ ಹೇಳಿದ್ರು ನಿಮಗ?" ಎಂದು ಕೇಳಿದೆ.

ರಫೀಕನಿಗೆ ಪ್ರಶ್ನೆಯೇ ತಿಳಿಯಲಿಲ್ಲ. "ಯಾರ ಹೇಳಬೇಕ್ರೀ ಸರ? ಈ ಮನ್ಯಾಗ ಕಾಲ ತೊಳೀದ ಬಂದ್ರ..." ಎಂದವನು ಅಲ್ಲಿಗೇ ನಿಲ್ಲಿಸಿದ. ಇಬ್ಬರೂ ಹೊಸ್ತಿಲ ಮೇಲಿನ ತಮ್ಮ ಒದ್ದೆ ಹೆಜ್ಜೆಗಳನ್ನು ನೋಡಿದರು.

ನಾನು ಹೇಳಿದೆ. "ಧ್ವನಿ ಬ್ಯಾಡ. ಆದ್ರ ನೀರ ಇರ್ಲಿ. ಬಾಗಲಾ ತೆರಕೊಂಡ ನಿಲ್ಲಲಿ. ಯಾರೂ ಏನೂ ಹೇಳಬಾರದು. ಬರದು ತೋರಿಸೂದೂ ಬ್ಯಾಡ. ತೊಳಕೊಂಡ ಬಂದವಂಗ ನೌಕಾ ಹಾರಲಿ. ತೊಳೀದ ಬಂದ್ರ ಮೊದಲಿನಂಗ ಇಂಜಿನ್ ಕೆಡಲಿ."

"ಹೊಸಬ್ರಿಗಿ ಹೆಂಗ ತಿಳೀತೈತಿ ಮಾಮಾ? ಮ್ಯಾಲಿಂದ ಮ್ಯಾಲ ಸಾಯ್ತಾರ. ಬೈತಾರ."

"ಬೈಲಿ. ಮೊದಲನೇ ಭಾಗ ಆಡಿ ಬರ್ಲಿ. ಮೊದಲನೇ ಪಾಠ ಓದದವ ಎರಡನೇದರಾಗ ನಪಾಸ ಆಗಬೇಕು."

"ಪಕ್ಕಾ ಮಾಸ್ತರ ಬಿಡ್ರಿ ನೀವು" ಎಂದ ರಫೀಕ. ಆಮೇಲೆ, "ಅಕ್ಕಾರ ಧ್ವನಿ ಹಾಕೂಣು ಅಂದಾವ ನಾನ. ಆದ್ರ ಇದು ಹೆಚ್ಚ ಕೇಳಸ್ತೈತಿ" ಎಂದ.

ಬಸವರಾಜ, ಧ್ವನಿಮುದ್ರಣ ಏನು ಮಾಡಲಿ ಎಂದು ಹೊರಡುವಾಗ ಕೇಳಿದ. ನಿನ್ನ ಹತ್ತಿರವೇ ಇರಲಿ ಎಂದೆ. ಈಗಲೂ ಅವನ ಹತ್ತಿರವೇ ಇದೆ.

ಅವರು ಹೋದ ಮೇಲೆ ವಿಮರ್ಶೆಯನ್ನು ಮುಗಿಸಿದೆ. ನೂರಕ್ಕೆ ಎಪ್ಪತ್ತನಾಲ್ಕು. 'ನಿಷೇಧ' ಕೊನೆಗೂ ತಿದ್ದಲ್ಪಟ್ಟಿರಲಿಲ್ಲ. ಅದಕ್ಕೆ ಎರಡು ಅಂಕ ಕಳೆದಿದ್ದೆ. 'ಧ್ವನಿ' ಎಂಬ ತಲೆಬರಹದ ಕೆಳಗೆ ಬರೆದದ್ದು ಇಷ್ಟು: "ಬಾಗಿಲಿನಲ್ಲಿ ಯಾರೂ ಮಾತನಾಡುವುದಿಲ್ಲ. ಇದು ಲೋಪವಲ್ಲ."

ಬಿಡುಗಡೆಯ ದಿನ ವಿಮರ್ಶೆಯೂ ಅಚ್ಚಾಯಿತು. ಬಸವರಾಜ ಕಾರ್ಖಾನೆಯಿಂದ ಅರ್ಧ ದಿನದ ರಜೆ ಪಡೆದು ಬಂದು, ನಮ್ಮ ಪಡಸಾಲೆಯಲ್ಲಿ ಕುಳಿತು ಆಡಿದವರ ಮಾತುಗಳನ್ನು ಮೊಬೈಲಿನಲ್ಲಿ ಓದಿ ಹೇಳಿದ. ಒಬ್ಬ, ಬಾಗಿಲಿನಲ್ಲಿ ದೋಷವಿದೆ, ಒಳಗೆ ಹೋದ ಕೂಡಲೇ ನೌಕೆ ಕೆಡುತ್ತದೆ, ಹಣ ಹಿಂದಿರುಗಿಸಿ ಎಂದು ಬರೆದಿದ್ದ. ಅದರ ಕೆಳಗೆ ಯಾವ ಊರಿನವನೋ, ನಮ್ಮ ಮಾತು ಅವನ ಮನೆಯದಲ್ಲವೆಂದು ಹೆಸರೇ ಹೇಳುತ್ತಿತ್ತು, ಉತ್ತರ ಬರೆದಿದ್ದ: "ಕಾಲ ತೊಳಕೊಂಡ ಒಳಗ ಹೋಗ್ರಿ." ಅದರ ಕೆಳಗೆ ಇನ್ನೊಬ್ಬ ಅದನ್ನೇ ಬರೆದಿದ್ದ. ಅದರ ಕೆಳಗೆ ಮತ್ತೊಬ್ಬ. ಬಸವರಾಜ ಓದುತ್ತ ಹೋದ. ನಾನು ಕೇಳುತ್ತ ಕುಳಿತಿದ್ದೆ.

ಸಂಜೆ ಅವನನ್ನು ಬಸ್ ನಿಲ್ದಾಣದವರೆಗೆ ಬಿಟ್ಟು ಬಂದೆ. ಶಾಂತವ್ವ ತಮ್ಮ ಕಟ್ಟೆಯ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದರು. ನಾನು ತಂಬಿಗೆ ತೆಗೆದುಕೊಂಡು, ಬಲಗಾಲಿಗೆ ಮೊದಲು, ಎಡಗಾಲಿಗೆ ಆಮೇಲೆ ನೀರು ಹಾಕಿಕೊಂಡು ಒಳಗೆ ಹೋದೆ. ಅವರು ಏನೂ ಕೇಳಲಿಲ್ಲ. ಅಂದು ೨೦೨೪ರ ಅಕ್ಟೋಬರ್ ೨೭, ರವಿವಾರ.